ಪಥಕರ್ಮಿರಕ್ಷಾಮೀಮಾಂಸೆ

ರಸ್ತೆಯ ಅಂಚಿನಲ್ಲಿ ನಿಂತು ದುಡಿಯುವವರ ಮೇಲೆ ನಡೆಯುವ ಹಲ್ಲೆ, ಅದಕ್ಕೆ ಶಾಸನವು ವಿಧಿಸಿರುವ ಹಾಗೂ ವಿಧಿಸಬೇಕಾದ ಪರಿಹಾರ, ಇದು ಈ ವಿಚಾರದ ವಿಷಯ. ಸಂಶಯ ಮೂರು ವಿಧ. ಇಂತಹವರಿಗೆ ಸಾಮಾನ್ಯ ದಂಡವಿಧಿಯನ್ನು ಮೀರಿದ ವಿಶೇಷ ರಕ್ಷಣೆ ಯುಕ್ತವೋ ಅಯುಕ್ತವೋ ಎಂಬುದು ಮೊದಲನೆಯದು. ಯುಕ್ತವಾದರೆ ಅದಕ್ಕೆ ಅರ್ಹರು ಯಾರು, ಅವರನ್ನು ಇತರರಿಂದ ಬೇರ್ಪಡಿಸುವ ಧರ್ಮ ಯಾವುದು ಎಂಬುದು ಎರಡನೆಯದು. ಬಲಪಡಿಸುವುದೆಂದರೆ ಕಾರಾವಾಸದ ವರ್ಷಗಳನ್ನು ಹೆಚ್ಚಿಸುವುದೋ, ಬೇರೊಂದು ಅಂಗವನ್ನು ಸರಿಪಡಿಸುವುದೋ ಎಂಬುದು ಮೂರನೆಯದು. ಎರಡನೆಯ ಸಂಶಯ ನಿವೃತ್ತವಾಗುವ ಮೊದಲೇ ಒಂದನೆಯದಕ್ಕೆ ಉತ್ತರ ಹೇಳಿಬಿಡುವವರು ಬಹಳ. ಆದಕಾರಣ ಚರ್ಚೆ ಕೋಪದಲ್ಲಿ ಹುಟ್ಟಿ ಘೋಷಣೆಯಲ್ಲಿ ಮುಗಿಯುತ್ತದೆ. ಇಲ್ಲಿ ಲಕ್ಷಣಕ್ಕೇ ಪ್ರಥಮ ಸ್ಥಾನ. ವಿಚಾರದ ಕ್ಷೇತ್ರ ಭಾರತದ ದಂಡಶಾಸನ. ಉದಾಹರಣೆಗಳು ಪ್ರಾಯಃ ಕರ್ನಾಟಕದವು.

ಹಲ್ಲೆಯನ್ನು ವರ್ಗೀಕರಿಸುವ ಕಾರ್ಯ ಈ ನೆಲಕ್ಕೆ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ತನ್ನ ಮೂರನೆಯ ಅಧಿಕರಣದಲ್ಲಿ ವಾಕ್ಪಾರುಷ್ಯವನ್ನೂ ದಂಡಪಾರುಷ್ಯವನ್ನೂ ಬೇರೆಬೇರೆ ಪ್ರಕರಣಗಳಾಗಿ ವಿಂಗಡಿಸಿ, ದಂಡಪಾರುಷ್ಯವನ್ನು ಸ್ಪರ್ಶ, ಕೈ ಅಥವಾ ಆಯುಧವನ್ನು ಎತ್ತುವಿಕೆ, ಪ್ರಹಾರ ಎಂದು ಮೂರಾಗಿ ಭೇದಿಸುತ್ತದೆ. ಕಲ್ಯಾಣದ ಚಾಳುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯ ವ್ಯವಹಾರಾಧ್ಯಾಯದಲ್ಲಿಯೂ ದಂಡಪಾರುಷ್ಯಕ್ಕೆ ಪ್ರತ್ಯೇಕ ಪ್ರಕರಣವಿದೆ. ಆ ಪರಂಪರೆಯಿಂದ ಸ್ವೀಕಾರ್ಯವಾದುದು ಭೇದಗಳನ್ನು ಸೂಕ್ಷ್ಮವಾಗಿ ಕಾಣುವ ವಿಧಾನ. ಪೆಟ್ಟು ತಿಂದವನ ಅಂತಸ್ತು ಏರಿದಂತೆ ದಂಡ ಏರುವ, ಇಳಿದಂತೆ ಇಳಿಯುವ ಕ್ರಮ ಸರ್ವಥಾ ತ್ಯಾಜ್ಯ. ಸಂವಿಧಾನದ 14ನೆಯ ಅನುಚ್ಛೇದದ ಮುಂದೆ ಆ ಕ್ರಮ ನಿಲ್ಲುವುದಿಲ್ಲ. ಆದರೂ ಅದರ ಒಂದು ಅಂಶ ವೇಷಾಂತರದಿಂದ ಇಂದಿನ ವಿಧಿಯಲ್ಲಿ ಉಳಿದಿದೆ: ವರ್ಣದ ಸ್ಥಾನಕ್ಕೆ ವೇತನದ ಮೂಲ ಬಂದಿದೆ. ಇದನ್ನು ಸ್ಥಾಪಿಸುವುದೇ ಮುಂದಿನ ವಿಚಾರದ ಉದ್ದೇಶ.

ಈಗ ಲಕ್ಷಣ. ರಸ್ತೆಯಲ್ಲಿ ದುಡಿಯುವವರೆಲ್ಲರೂ ಪಥಕರ್ಮಿಗಳು ಎಂದರೆ ಅತಿವ್ಯಾಪ್ತಿ. ಲಾರಿ ಚಾಲಕ, ಚಿತ್ರೀಕರಣದ ತಂಡ, ಮೆರವಣಿಗೆಯ ವಾದ್ಯಗಾರರು ಎಲ್ಲರೂ ಒಳಬರುತ್ತಾರೆ. ಎಲ್ಲರನ್ನೂ ಒಳಗೊಳ್ಳುವ ವಿಶೇಷವಿಧಿ ಸಾಮಾನ್ಯವಿಧಿಯೇ ಆಗಿಬಿಡುತ್ತದೆ. ರಸ್ತೆಯಲ್ಲಿ ಕೆಲಸ ಮಾಡುವ ಲೋಕನೌಕರನೇ ಪಥಕರ್ಮಿ ಎಂದರೆ ಅವ್ಯಾಪ್ತಿ. ಟೋಲ್ ಗೇಟಿನ ಗುತ್ತಿಗೆ ನೌಕರ, ಕಸದ ಆಟೊ ಟಿಪ್ಪರಿನ ಸಹಾಯಕ, ಡಾಂಬರು ಹಾಕುವ ವಲಸೆ ಕಾರ್ಮಿಕ ಇವರೆಲ್ಲ ಹೊರಗುಳಿಯುತ್ತಾರೆ. ಸಮವಸ್ತ್ರ ಧರಿಸಿದವನು ಎಂಬ ಲಕ್ಷಣವೂ ಸಲ್ಲದು. ಸಮವಸ್ತ್ರ ಆಗಂತುಕ ಧರ್ಮ. ಗುತ್ತಿಗೆದಾರನು ಅಂಗಿ ಕೊಡದಿದ್ದರೆ ಕಾರ್ಮಿಕನ ರಕ್ಷಣೆ ನಷ್ಟವಾಗುತ್ತದೆಂಬ ಅನಿಷ್ಟ ಪ್ರಸಂಗ ಬರುತ್ತದೆ. ಆದ್ದರಿಂದ ನಿಷ್ಕೃಷ್ಟ ಲಕ್ಷಣ ಹೀಗೆ: ಸಾರ್ವಜನಿಕ ಮಾರ್ಗದ ಮೇಲೆ ಅಥವಾ ಅದರ ಅಂಚಿನಲ್ಲಿ ಆವರಣವಿಲ್ಲದ ಸ್ಥಾನದಲ್ಲಿದ್ದು, ಕರ್ಮದ ಸ್ವಭಾವದಿಂದಲೇ ಆ ಸ್ಥಾನವನ್ನು ಬಿಟ್ಟು ಸರಿಯಲಾಗದೆ, ಮಾರ್ಗದ ಸಾರ್ವಜನಿಕ ಪ್ರಯೋಜನಕ್ಕೆ ಸೇರಿದ ಅಥವಾ ಮಾರ್ಗದ ಮೇಲೆ ಶಾಸನವೇ ಒಪ್ಪಿದ ಹಕ್ಕಿಗೆ ಸೇರಿದ ಕರ್ಮವನ್ನು ಮಾಡುವ ವ್ಯಕ್ತಿ ಪಥಕರ್ಮಿ.

ಈ ಲಕ್ಷಣಕ್ಕೆ ಮೂರು ಅಂಗಗಳು: ಅನಾವೃತ ಸ್ಥಾನ, ಅನಪಸರಣ, ವಿಹಿತಕರ್ಮ. ಮೂರರಲ್ಲಿ ಮುಖ್ಯವಾದುದು ಅನಪಸರಣ. ಅಂಗಡಿಯವನು ಬಾಗಿಲು ಎಳೆದುಕೊಳ್ಳಬಲ್ಲ, ಕಚೇರಿಯ ಗುಮಾಸ್ತೆ ಒಳಕೋಣೆಗೆ ಸರಿಯಬಲ್ಲ. ಸಂಚಾರ ಪೇದೆ ವೃತ್ತವನ್ನು ಬಿಡುವಂತಿಲ್ಲ. ಕಂಬದ ಮೇಲಿರುವ ಪವರ್‌ಮ್ಯಾನ್ ಕೆಳಗೆ ಕಲ್ಲು ಹಿಡಿದು ನಿಂತವನಿಂದ ಓಡುವಂತಿಲ್ಲ. ಪೌರಕಾರ್ಮಿಕಳಿಗೆ ಗೊತ್ತುಮಾಡಿದ ಬೀದಿ ಗುಡಿಸಿ ಮುಗಿಯದ ಹೊರತು ಹಾಜರಿ ಸಿಗುವುದಿಲ್ಲ. ತನ್ನ ಬಳಿಗೆ ಬರುವವರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಾಗಲಿ, ಬಂದವರಿಂದ ದೂರ ಸರಿಯುವ ಸ್ವಾತಂತ್ರ್ಯವಾಗಲಿ ಇಲ್ಲದಿರುವುದೇ ಅನಪಸರಣ. ಆ ಸ್ವಾತಂತ್ರ್ಯವನ್ನು ಕರ್ಮದ ನಿಯಮವೇ ಕಿತ್ತುಕೊಂಡಿರುವಾಗ, ಕಿತ್ತುಕೊಂಡ ಲೋಕಕ್ಕೆ ಅದರ ಪ್ರತಿಯಾಗಿ ರಕ್ಷಣೆ ಕೊಡುವ ಋಣ ಉಂಟಾಗುತ್ತದೆ. ವಿಶೇಷ ರಕ್ಷಣೆಯ ಅವಚ್ಛೇದಕ ಧರ್ಮ ಈ ಋಣ; ವೇತನ ಕೊಡುವವರು ಯಾರು ಎಂಬುದು ಇಲ್ಲಿ ಅಪ್ರಯೋಜಕ.

ಗಡಿಯ ಉದಾಹರಣೆಗಳಿಂದ ಲಕ್ಷಣವನ್ನು ಪರೀಕ್ಷಿಸಬೇಕು. ಸಾರಿಗೆ ನಿಗಮದ ಬಸ್ ನಿರ್ವಾಹಕನಲ್ಲಿ ಅನಪಸರಣವಿದೆ, ಆದರೆ ಅವನ ಸ್ಥಾನ ವಾಹನದೊಳಗಿನದು. ಲಕ್ಷಣದಿಂದ ಹೊರಗುಳಿದರೂ ಅವನಿಗೆ ಹಾನಿಯಿಲ್ಲ, ಏಕೆಂದರೆ 1950ರ ರಸ್ತೆ ಸಾರಿಗೆ ನಿಗಮಗಳ ಅಧಿನಿಯಮವೇ ಅವನನ್ನು ಲೋಕನೌಕರನೆಂದು ಭಾವಿಸುತ್ತದೆ. ಖಾಸಗಿ ಮಳಿಗೆಯ ಮುಂದೆ ಪಾದಚಾರಿ ಮಾರ್ಗದಲ್ಲಿ ನಿಲ್ಲುವ ಕಾವಲುಗಾರನಲ್ಲಿ ಮೊದಲೆರಡು ಅಂಗಗಳಿವೆ, ಮೂರನೆಯದಿಲ್ಲ. ಆಹಾರ ತಲುಪಿಸುವ ಬೈಕ್ ಸವಾರನ ವಿಷಯ ಕಠಿಣ. ಅವನು ಚಲಿಸುವವನು, ಸ್ಥಾನಬದ್ಧನಲ್ಲ. ಆದರೂ ಆರ್ಡರ್ ಬಿಟ್ಟು ಹೊರಟರೆ ಅವನಿಗೆ ನಷ್ಟವುಂಟು. ಕರ್ನಾಟಕವು ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಮಾಡಿದ ಅಧಿನಿಯಮವು ಸಾಮಾಜಿಕ ಭದ್ರತೆಯನ್ನು ಕುರಿತದ್ದು; ಹಲ್ಲೆಯ ರಕ್ಷಣೆಯೂ ಆ ಅಧಿನಿಯಮಕ್ಕೇ ಅಂಗವಾಗಿ ಬರುವುದು ಯುಕ್ತ. ಸಹಾನುಭೂತಿಯಿಂದ ಲಕ್ಷಣವನ್ನು ಹಿಗ್ಗಿಸಿದರೆ ಅದು ಒಳಗಿದ್ದವರನ್ನೂ ಕಾಯಲಾರದು.

ಪಥಕರ್ಮಿಗಳು ನಾಲ್ಕು ವಿಧ. ವಾಹನವನ್ನು ನಿಲ್ಲಿಸಿ, ಬಿಟ್ಟು, ಶುಲ್ಕ ಪಡೆದು ಸಂಚಾರವನ್ನು ನಿಯಮಿಸುವವರು ನಿಯಾಮಕರು. ಸಂಚಾರ ಪೊಲೀಸ್, ಗೃಹರಕ್ಷಕ, ಟೋಲ್ ಸಿಬ್ಬಂದಿ ಇಲ್ಲಿ ಸೇರುತ್ತಾರೆ. ಗುಂಡಿ ಮುಚ್ಚುವವರು, ಕೇಬಲ್ ಮತ್ತು ಕೊಳವೆ ಹೂಳುವವರು, ವಿದ್ಯುತ್ ಮಾರ್ಗ ದುರಸ್ತಿ ಮಾಡುವವರು, ಅವರ ಮುಂದೆ ಕೆಂಪು ಬಾವುಟ ಹಿಡಿದು ನಿಲ್ಲುವವರು ನಿರ್ಮಾಪಕರು. ಬೀದಿ ಗುಡಿಸಿ ಕಸ ಸಾಗಿಸುವವರು ಶೋಧಕರು. ಬೀದಿಬದಿ ವ್ಯಾಪಾರಿಗಳು ವಿಕ್ರಯಿಗಳು. ವಿಭಾಗಕ್ಕೆ ಆಧಾರ ಹಲ್ಲೆಯ ನಿಮಿತ್ತಭೇದ. ನಿಯಾಮಕನಿಗೆ ಪೆಟ್ಟು ಬೀಳುವುದು ಅವನು ಬೇಡವೆಂದ ಕಾರಣದಿಂದ. ನಿರ್ಮಾಪಕನಿಗೆ, ದಾರಿ ತಡೆದ ಕಾರಣದಿಂದ. ವಿಕ್ರಯಿಯ ಮೇಲಿನ ಹಲ್ಲೆಯ ಹಿಂದೆ ಬಹುಧಾ ಮಾಮೂಲಿಯ ಬೇಡಿಕೆಯಿರುತ್ತದೆ. ಶೋಧಕರ ವಿಷಯದಲ್ಲಿ ಇಂತಹ ನಿಮಿತ್ತವೂ ಬೇಕಾಗುವುದಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಎಂದು ಕೇಳುವುದು ನಗರಾಡಳಿತದ ಆಜ್ಞೆ. ಕೇಳಿದ ಹೆಂಗಸಿನ ಮೇಲೆ ಕೈ ಎತ್ತುವವನ ಮನಸ್ಸಿನಲ್ಲಿರುವುದು ಆಜ್ಞೆಯ ಮೇಲಿನ ಸಿಟ್ಟಲ್ಲ, ಇವಳು ನನಗೆ ಹೇಳುವುದೇ ಎಂಬ ಅವಜ್ಞೆ. ಈ ಅವಜ್ಞೆಗೆ ಜಾತಿಯ ಬೇರಿದೆ. ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಅದರಲ್ಲಿಯೂ ಮಹಿಳೆಯರು ಎಂಬುದು ಲೋಕಪ್ರಸಿದ್ಧ.

ಹಾಗಿದ್ದರೆ ಅನುಸೂಚಿತ ಜಾತಿ ಮತ್ತು ಅನುಸೂಚಿತ ಬುಡಕಟ್ಟುಗಳ ದೌರ್ಜನ್ಯ ತಡೆ ಅಧಿನಿಯಮ, 1989 ಶೋಧಕರಿಗೆ ಸಾಕಲ್ಲವೇ ಎಂಬ ಶಂಕೆ ಇಲ್ಲಿಯೇ ಪರಿಹರಿಸತಕ್ಕದ್ದು. ಆ ಅಧಿನಿಯಮದ ಬಲ ದೊಡ್ಡದು. ನಿರೀಕ್ಷಣಾ ಜಾಮೀನಿಗೂ ಅಲ್ಲಿ ತಡೆಯಿದೆ. ಆದರೆ ಅದರ ನಿಮಿತ್ತ ಪೀಡಿತರ ಜಾತಿ, ಈ ವಿಧಿಯ ನಿಮಿತ್ತ ಪೀಡಿತರ ಕರ್ಮ ಮತ್ತು ಸ್ಥಾನ. ಒಂದೇ ಘಟನೆಯಲ್ಲಿ ಎರಡೂ ನಿಮಿತ್ತಗಳಿದ್ದರೆ ಎರಡೂ ವಿಧಿಗಳು ಪ್ರವರ್ತಿಸುತ್ತವೆ. ಒಂದು ಇನ್ನೊಂದನ್ನು ಬಾಧಿಸುವುದಿಲ್ಲ. ಅನುಸೂಚಿತ ಜಾತಿಗೆ ಸೇರದ ಶೋಧಕಳಿಗೂ ಪೆಟ್ಟು ಬೀಳುತ್ತದೆ, ಆಕೆಗೂ ಆಶ್ರಯ ಬೇಕು.

ಹಲ್ಲೆಯ ಭೇದಗಳನ್ನು ಸಂಕ್ಷೇಪವಾಗಿ ಹೇಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಹಲ್ಲೆ, ಆಪರಾಧಿಕ ಬಲಪ್ರಯೋಗ, ಗಾಯ, ಭಾರೀ ಗಾಯ ಎಂದು ಕ್ರಮ ಕಲ್ಪಿಸಿದೆ. ಮುಷ್ಟಿ ಎತ್ತಿ ಭಯ ಹುಟ್ಟಿಸಿದರೆ ಹಲ್ಲೆ. ಕತ್ತುಪಟ್ಟಿ ಹಿಡಿದೆಳೆದರೆ ಬಲಪ್ರಯೋಗ. ದೇಹಕ್ಕೆ ನೋವಾದರೆ ಗಾಯ. ಮೂಳೆ ಮುರಿದರೆ, ಕಣ್ಣು ಹೋದರೆ ಭಾರೀ ಗಾಯ. ಬೈಗುಳ ಈ ಶ್ರೇಣಿಯಲ್ಲಿಲ್ಲ. ಅದು ವಾಕ್ಪಾರುಷ್ಯ, ಶಾಂತಿಭಂಗವಾಗುವಂತೆ ಅವಮಾನಿಸುವುದಕ್ಕೂ ಬೆದರಿಕೆಗೂ ಸಂಹಿತೆಯಲ್ಲಿ ಬೇರೆ ಕಲಮುಗಳಿವೆ. ರಸ್ತೆಗೆ ವಿಶಿಷ್ಟವಾದ ಒಂದು ಭೇದ ಮಾತ್ರ ವಿಸ್ತಾರವನ್ನು ಬೇಡುತ್ತದೆ: ವಾಹನವನ್ನೇ ಆಯುಧ ಮಾಡುವುದು. ತಡೆದ ಪೇದೆಯನ್ನು ಬಾನೆಟ್ಟಿನ ಮೇಲೆ ಹೊತ್ತೊಯ್ಯುವುದು, ಬಾವುಟದವನ ಕಾಲಿನತ್ತ ಚಕ್ರ ತಿರುಗಿಸುವುದು, ಟೋಲ್ ತಡೆಗಂಬದೊಂದಿಗೆ ಸಿಬ್ಬಂದಿಯನ್ನೂ ಕೆಡವಿ ಹೋಗುವುದು ಇದರ ರೂಪಗಳು. ಇವನ್ನು ಅಜಾಗರೂಕ ಚಾಲನೆಯ ಕಲಮಿನಲ್ಲಿ ದಾಖಲಿಸುವ ರೂಢಿ ದೋಷಯುಕ್ತ. ಅಜಾಗರೂಕತೆಯಲ್ಲಿ ಚಾಲಕನಿಗೆ ಎದುರಿನ ಮನುಷ್ಯನ ಕಡೆ ಲಕ್ಷ್ಯವಿಲ್ಲ. ಇಲ್ಲಿ ಲಕ್ಷ್ಯವೆಲ್ಲ ಆ ಮನುಷ್ಯನ ಮೇಲೆಯೇ. ಪ್ರಾಣಹಾನಿ ಮಾಡಬಲ್ಲ ಸಾಧನದಿಂದ ಗಾಯಗೊಳಿಸುವ 118ನೆಯ ಕಲಮು, ಸಂದರ್ಭಾನುಸಾರ ಹತ್ಯಾಪ್ರಯತ್ನದ ಕಲಮು ಇಲ್ಲಿ ಪ್ರವೃತ್ತವಾಗಬೇಕು.

ಈಗ ಪ್ರಚಲಿತ ವಿಧಿಯ ಸ್ವರೂಪ. ಒಂದು ದೃಷ್ಟಾಂತವನ್ನು ಕಲ್ಪಿಸಬಹುದು. ಹೆದ್ದಾರಿಯ ಟೋಲ್ ಗೇಟಿನಲ್ಲಿ ಬಂದೋಬಸ್ತಿಗೆ ನಿಂತ ಪೇದೆಗೂ ಪಕ್ಕದಲ್ಲಿ ಫಾಸ್ಟ್ಯಾಗ್ ಪರೀಕ್ಷಿಸುವ ಗುತ್ತಿಗೆ ನೌಕರನಿಗೂ ಒಬ್ಬನೇ ವ್ಯಕ್ತಿ, ಒಂದೇ ಕ್ಷಣದಲ್ಲಿ, ಒಂದೊಂದು ಪೆಟ್ಟು ಹೊಡೆಯುತ್ತಾನೆ. ಪೇದೆಯ ವಿಷಯದಲ್ಲಿ 132ನೆಯ ಕಲಮಿನಂತೆ 2 ವರ್ಷದವರೆಗೆ, ಗಾಯವಾಗಿದ್ದರೆ 121ನೆಯ ಕಲಮಿನಂತೆ 5 ವರ್ಷದವರೆಗೆ ಕಾರಾವಾಸ. ಎರಡೂ ಸಂಜ್ಞೇಯ, ಎರಡೂ ಜಾಮೀನುರಹಿತ. ನೌಕರನ ವಿಷಯದಲ್ಲಿ 131ನೆಯ ಕಲಮಿನಂತೆ 3 ತಿಂಗಳು ಅಥವಾ 1000 ರೂಪಾಯಿವರೆಗಿನ ಜುಲ್ಮಾನೆ, ಗಾಯವಾಗಿದ್ದರೆ 115ನೆಯ ಕಲಮಿನಂತೆ 1 ವರ್ಷ ಅಥವಾ 10,000 ರೂಪಾಯಿವರೆಗಿನ ಜುಲ್ಮಾನೆ, ಎರಡೂ ಅಸಂಜ್ಞೇಯ. ಅಸಂಜ್ಞೇಯವೆಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಯನ್ನೇ ಮಾಡುವಂತಿಲ್ಲ. ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದುಕೊಂಡು, ಕೋರ್ಟಿಗೆ ಹೋಗು ಎಂದು ಕಳಿಸಿದರೆ ಕಾನೂನಿನ ದೃಷ್ಟಿಯಲ್ಲಿ ತಪ್ಪಿಲ್ಲ. ಮೇಲಾಗಿ ಸಾಮಾನ್ಯ ಗಾಯದ ಅಪರಾಧ ನ್ಯಾಯಾಲಯದ ಅನುಮತಿಯಿಲ್ಲದೆಯೇ ರಾಜಿಯಾಗಬಲ್ಲದು. ಕೈ ಒಂದು, ಪೆಟ್ಟು ಒಂದು, ಸ್ಥಾನ ಒಂದು, ಇಬ್ಬರಿಗೂ ಓಡಿಹೋಗುವ ಅವಕಾಶ ಸಮಾನವಾಗಿ ಇಲ್ಲ. ಭೇದವಿರುವುದು ಸಂಬಳದ ಚೀಟಿಯಲ್ಲಿ ಮಾತ್ರ.

ಈ ಭೇದ ಒಂದೇ ವೃತ್ತಿಯ ಒಳಗೂ ಸೀಳು ಮೂಡಿಸುತ್ತದೆ. 2025ರ ಮೇ 1ರಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶಪತ್ರಗಳು ದೊರೆತವು. ದೀರ್ಘಕಾಲದ ಹೋರಾಟದ ಆ ಫಲ ಸ್ತುತ್ಯ. ಆದರೆ ಸ್ಥಳೀಯ ಸಂಸ್ಥೆಯ ವೇತನದಲ್ಲಿರುವ ಪೌರಕಾರ್ಮಿಕಳು ಲೋಕನೌಕರಳು. ಆಕೆ ಗುಡಿಸಿದ ಕಸವನ್ನು ಎತ್ತುವ, ಗುತ್ತಿಗೆದಾರನ ಟಿಪ್ಪರಿನ ಸಹಾಯಕ ಅಲ್ಲ. ಒಂದೇ ಬೀದಿಯ ಒಂದೇ ಮುಂಜಾವಿನಲ್ಲಿ ಇಬ್ಬರ ದೇಹಗಳಿಗೆ ಶಾಸನ ಎರಡು ಬೆಲೆ ಕಟ್ಟುತ್ತದೆ.

ಪೂರ್ವಪಕ್ಷಿಗಳಲ್ಲಿ ಮೊದಲಿಗರು ಸಮತಾವಾದಿಗಳು. ಅವರ ವಾದ: ಎಲ್ಲರ ದೇಹವೂ ಸಮಾನ, ಪಥಕರ್ಮಿಗೆ ವಿಶೇಷ ವಿಧಿ ಮಾಡಿದರೆ ನಾಳೆ ಪ್ರತಿಯೊಂದು ವೃತ್ತಿಯೂ ತನ್ನದೊಂದು ವಿಧಿಯನ್ನು ಬೇಡುತ್ತದೆ, ಕೊನೆಗೆ ಯಾವ ಗುಂಪಿಗೂ ಸೇರದ ನಾಗರಿಕನೊಬ್ಬನೇ ರಕ್ಷಣೆಯಿಲ್ಲದೆ ಉಳಿಯುತ್ತಾನೆ. ಈ ವಾದ ಬಲವುಳ್ಳದ್ದು. ಇದಕ್ಕೆ ಸಮಾಧಾನ ಎರಡು ಹಂತದ್ದು. ಉತ್ಸರ್ಗ ಮತ್ತು ಅಪವಾದಗಳಲ್ಲಿ ಅಪವಾದಕ್ಕೆ ಸ್ವಂತ ನಿಮಿತ್ತವಿದ್ದರೆ ಅದು ಉತ್ಸರ್ಗವನ್ನು ನಾಶಮಾಡುವುದಿಲ್ಲ, ಅದರ ಕ್ಷೇತ್ರವನ್ನು ಸ್ಪಷ್ಟಗೊಳಿಸುತ್ತದೆ. ವರ್ಗೀಕರಣಕ್ಕೆ ಗ್ರಾಹ್ಯವಾದ ಭೇದಕ ಧರ್ಮವಿರಬೇಕು, ಆ ಧರ್ಮಕ್ಕೂ ಶಾಸನದ ಉದ್ದೇಶಕ್ಕೂ ಯುಕ್ತ ಸಂಬಂಧವಿರಬೇಕು ಎಂಬುದು 1952ರ ಅನ್ವರ್ ಅಲಿ ಸರ್ಕಾರ್ ಪ್ರಕರಣದ ಕಾಲದಿಂದ ಸರ್ವೋಚ್ಚ ನ್ಯಾಯಾಲಯ ಬೆಳೆಸಿಕೊಂಡು ಬಂದ ಪರೀಕ್ಷೆ. ಅನಪಸರಣ ಅಂತಹ ಧರ್ಮ. ಹಲ್ಲೆಯನ್ನು ತಡೆಯುವ ಉದ್ದೇಶಕ್ಕೆ ಅದರ ಸಂಬಂಧ ಸಾಕ್ಷಾತ್ ಇದೆ. ಎರಡನೆಯದಾಗಿ, ಸಮತಾವಾದಿ ಕಾಯಬೇಕೆನ್ನುವ ಸಮತೆ ಈಗಾಗಲೇ ಇಲ್ಲ. ಲೋಕನೌಕರನಿಗೆ ವಿಶೇಷವಿದೆ. ಕರ್ನಾಟಕದಲ್ಲಿ ವೈದ್ಯಕೀಯ ಸೇವಾ ಸಿಬ್ಬಂದಿಗೆ 2009ರಿಂದ ಪ್ರತ್ಯೇಕ ಅಧಿನಿಯಮವಿದೆ. ಚಿಕ್ಕಮಗಳೂರಿನಲ್ಲಿ ವಕೀಲರೊಬ್ಬರ ಮೇಲೆ ಪೊಲೀಸರು ನಡೆಸಿದರೆನ್ನಲಾದ ಹಲ್ಲೆಯ ಬೆನ್ನಲ್ಲೇ, 2023ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ವಕೀಲರ ಮೇಲಿನ ಹಿಂಸಾಚಾರವನ್ನು ನಿಷೇಧಿಸುವ ವಿಧೇಯಕ ಅಂಗೀಕೃತವಾಯಿತು. ಇವೆರಡೂ ಯುಕ್ತ ಶಾಸನಗಳೇ. ಆದರೆ ವೈದ್ಯರಿಗೆ ಸಂಘವಿದೆ, ವಕೀಲರಿಗೆ ಪರಿಷತ್ತಿದೆ. ಡಾಂಬರು ಹಾಕಲು ಯಾದಗಿರಿಯಿಂದ ಬಂದವನಿಗೆ ಯಾವುದೂ ಇಲ್ಲ. ಧ್ವನಿಯ ಬಲವನ್ನು ನೋಡಿ ಹಂಚಿದ ವಿಶೇಷ ರಕ್ಷಣೆಗಿಂತ ನಿಮಿತ್ತದ ಬಲವನ್ನು ನೋಡಿ ಹಂಚಿದ ವಿಶೇಷ ರಕ್ಷಣೆಯೇ ಸಮತೆಗೆ ಹತ್ತಿರ.

ವಿದೇಶದ ನಿದರ್ಶನವೊಂದು ಇಲ್ಲಿ ಉಪಯುಕ್ತ. ಸ್ಕಾಟ್ಲೆಂಡ್ 2021ರಲ್ಲಿ ಚಿಲ್ಲರೆ ಅಂಗಡಿಗಳ ನೌಕರರ ರಕ್ಷಣೆಗೆ ಪ್ರತ್ಯೇಕ ಶಾಸನ ಮಾಡಿತು. ಮದ್ಯ, ತಂಬಾಕು ಮೊದಲಾದವುಗಳಿಗೆ ಶಾಸನ ವಿಧಿಸಿರುವ ವಯೋಮಿತಿಯನ್ನು ಪಾಲಿಸುವಾಗ ನೌಕರನ ಮೇಲೆ ಹಲ್ಲೆಯಾದರೆ ಅಪರಾಧ ಗುರುತರವೆಂದು ಅದು ಎಣಿಸುತ್ತದೆ. ಆ ನೌಕರ ಸರ್ಕಾರದವನಲ್ಲ, ಆದರೆ ಬೇಡವೆನ್ನುವಂತೆ ಅವನಿಗೆ ಹೇಳಿದ್ದು ಶಾಸನ. ಟೋಲ್ ನೌಕರನ ಸ್ಥಿತಿಯೂ ಇದೇ. ಶುಲ್ಕದ ದರವನ್ನು ಅವನು ನಿರ್ಧರಿಸಿಲ್ಲ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು ನಿರ್ಧರಿಸಿವೆ. ಲೋಕದ ಆಜ್ಞೆಯನ್ನು ಬಾಯಲ್ಲಿ ಹೇಳುವ ಕೆಲಸ ಖಾಸಗಿಯವನಿಗೆ ವರ್ಗವಾಗಿದೆ, ಹೇಳುವವನಿಗಿದ್ದ ರಕ್ಷಣೆ ಮಾತ್ರ ಅವನೊಂದಿಗೆ ವರ್ಗವಾಗಿಲ್ಲ.

ಎರಡನೆಯವನು ಏಕದೇಶಿ. ವಿಶೇಷ ವಿಧಿ ಬೇಕೆಂದು ಅವನೂ ಒಪ್ಪುತ್ತಾನೆ. ಆದರೆ ಬಲಪಡಿಸುವುದೆಂದರೆ ಶಿಕ್ಷೆಯ ಅವಧಿಯನ್ನು 7 ವರ್ಷಕ್ಕೋ 10 ವರ್ಷಕ್ಕೋ ಏರಿಸುವುದು ಎನ್ನುತ್ತಾನೆ. ಈ ಮತ ಜನಪ್ರಿಯ. ಆದ್ದರಿಂದಲೇ ಇದರ ನಿರಾಕರಣಕ್ಕೆ ಹೆಚ್ಚು ಶ್ರಮ ಬೇಕು. ಹೊಡೆಯುವವನು ಕೈ ಎತ್ತುವಾಗ ವರ್ಷಗಳ ಲೆಕ್ಕ ಹಾಕುವುದಿಲ್ಲ. ತನಗೆ ಏನೂ ಆಗದು ಎಂಬ ನಂಬಿಕೆಯಿಂದ ಎತ್ತುತ್ತಾನೆ. ಆ ನಂಬಿಕೆಗೆ ಆಧಾರ ಪ್ರಕರಣ ದಾಖಲಾಗದಿರುವುದು, ದಾಖಲಾದರೂ ಸಂಜೆಯೊಳಗೆ ರಾಜಿಯಾಗುವುದು, ರಾಜಿಯಾಗದಿದ್ದರೂ ಸಾಕ್ಷಿ ಹೇಳುವ ದಿನದ ಕೂಲಿ ಹೋಗುವುದೆಂದು ಕಾರ್ಮಿಕನೇ ಬಾರದಿರುವುದು. ಅವಧಿಯನ್ನು ಏರಿಸಿದರೆ ಇವುಗಳಲ್ಲಿ ಒಂದೂ ಬದಲಾಗುವುದಿಲ್ಲ. ಬದಲಿಗೆ ಹೊಸ ವಿಘ್ನಗಳು ಬರುತ್ತವೆ. ಏರಿಕೆ 7 ವರ್ಷವನ್ನು ಮುಟ್ಟದೆ ನಿಂತರೂ ಒಂದು ವಿಘ್ನವಿದೆ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ 3ನೆಯ ಉಪಕಲಮಿನಂತೆ, 3 ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಠಾಣಾಧಿಕಾರಿಯು ಮೇಲಧಿಕಾರಿಯ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಬಹುದು. ಬಲಾಢ್ಯನಾದ ಆರೋಪಿಗೆ ರಾಜಿ ಮಾಡಿಸಲು 14 ದಿನ ಧಾರಾಳ. 3 ವರ್ಷವನ್ನು ಮೀರಿದ ಅಪರಾಧಗಳಿಗೆ ಸಂಕ್ಷಿಪ್ತ ವಿಚಾರಣೆಯ ಮಾರ್ಗವೂ ಮುಚ್ಚುತ್ತದೆ. ವಲಸೆ ಕಾರ್ಮಿಕನ ಕಾಮಗಾರಿ ಮುಗಿದು ಅವನು ಬೇರೆ ಜಿಲ್ಲೆಗೆ ತೆರಳುವ ಮೊದಲು ತೀರ್ಪು ಬರಬೇಕಾದರೆ ಗರಿಷ್ಠ ಅವಧಿ 2 ವರ್ಷವನ್ನು ದಾಟದಿರುವುದೇ ಹಿತ. ಸಂಕ್ಷಿಪ್ತ ವಿಚಾರಣೆಯಲ್ಲಿ 3 ತಿಂಗಳಿಗಿಂತ ಹೆಚ್ಚಿನ ಶಿಕ್ಷೆ ವಿಧಿಸಲಾಗದು, ನಿಜ. ಬರುವ 3 ತಿಂಗಳು ಬಾರದ 7 ವರ್ಷಗಳಿಗಿಂತ ಬಲವತ್ತರ.

ಏಕದೇಶಿ ಸಾಂಕ್ರಾಮಿಕ ರೋಗಗಳ ಅಧಿನಿಯಮಕ್ಕೆ 2020ರಲ್ಲಿ ಆದ ತಿದ್ದುಪಡಿಯನ್ನು ಪ್ರಮಾಣವಾಗಿ ತರುತ್ತಾನೆ. ಆ ತಿದ್ದುಪಡಿಯಲ್ಲಿ ಗ್ರಾಹ್ಯಾಂಶವೂ ತ್ಯಾಜ್ಯಾಂಶವೂ ಇವೆ. ತನಿಖೆ 30 ದಿನಗಳಲ್ಲಿ ಮುಗಿಯಬೇಕು, ವಿಚಾರಣೆ 1 ವರ್ಷದೊಳಗೆ ಮುಗಿಯಲು ಯತ್ನಿಸಬೇಕು ಎಂಬುದು ಗ್ರಾಹ್ಯ. ಆರೋಪಿಯೇ ಅಪರಾಧಿಯೆಂಬ ಪೂರ್ವಾನುಮಾನ ತ್ಯಾಜ್ಯ. ಮಹಾಮಾರಿಯ ಅಸಾಧಾರಣ ಕಾಲಕ್ಕೆ ಹುಟ್ಟಿದ ಆ ಕಲಮನ್ನು ನಿತ್ಯದ ರಸ್ತೆಗೆ ಅನ್ವಯಿಸಿದರೆ, ಜಗಳದಲ್ಲಿ ಬಡ ಆಟೊ ಚಾಲಕನೇ ಆರೋಪಿಯಾದಾಗ ಆ ಅನುಮಾನ ಅವನನ್ನು ನುಂಗುತ್ತದೆ. ಬಲಹೀನನ ರಕ್ಷಣೆಗೆ ಮಾಡಿದ ವಿಧಿ ಇನ್ನೊಬ್ಬ ಬಲಹೀನನನ್ನು ಪ್ರಮಾಣವಿಲ್ಲದೆ ಶಿಕ್ಷಿಸಬಾರದು.

ಏಕದೇಶಿಗಳಲ್ಲಿ ಇನ್ನೊಂದು ಪಂಗಡ ಸಮುದಾಯ ಸೇವೆಯನ್ನು ಸೂಚಿಸುತ್ತದೆ. ನ್ಯಾಯ ಸಂಹಿತೆಯು ಇದನ್ನು ಹೊಸ ಶಿಕ್ಷಾಪ್ರಕಾರವಾಗಿ ಸೇರಿಸಿಕೊಂಡಿದೆ. ಪೌರಕಾರ್ಮಿಕಳನ್ನು ಹೊಡೆದವನು ಒಂದು ತಿಂಗಳು ಬೀದಿ ಗುಡಿಸಲಿ, ಆಗ ಆ ಕಷ್ಟ ಅವನಿಗೆ ತಿಳಿಯುತ್ತದೆ ಎಂಬುದು ಅವರ ಆಶಯ. ಆಶಯ ಒಳ್ಳೆಯದು, ಪರಿಣಾಮ ವಿಪರೀತ. ಒಬ್ಬಳು ನಿತ್ಯ ಗೌರವದಿಂದ ಮಾಡುವ ವೃತ್ತಿಯನ್ನು ಮತ್ತೊಬ್ಬನಿಗೆ ಶಿಕ್ಷೆಯೆಂದು ನ್ಯಾಯಾಲಯವೇ ಘೋಷಿಸಿದರೆ, ಯಾವ ಅವಜ್ಞೆಯಿಂದ ಹಲ್ಲೆ ಹುಟ್ಟಿತೋ ಅದಕ್ಕೆ ರಾಜಮುದ್ರೆ ಬೀಳುತ್ತದೆ. ಈ ಪ್ರಕರಣಗಳಲ್ಲಿ ಸಮುದಾಯ ಸೇವೆ ಗ್ರಾಹ್ಯವಾದರೂ ಪೀಡಿತರ ಕರ್ಮವೇ ಅದಕ್ಕೆ ವಿಷಯವಾಗಕೂಡದು.

ಮೂರನೆಯ ಪೂರ್ವಪಕ್ಷ ದುರುಪಯೋಗದ ಭೀತಿ. ಲೋಕನೌಕರನ ಕಲಮನ್ನು ಪೊಲೀಸರು ತಮ್ಮನ್ನು ಪ್ರಶ್ನಿಸಿದವರ ಮೇಲೆ ಹೊರಿಸುತ್ತಾರೆಂಬುದು ನಿರಾಧಾರವಾದ ದೂರಲ್ಲ. ಬೆಂಗಳೂರು ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಅಧಿಕಾರಿಯೊಬ್ಬರ ವರ್ತನೆಯನ್ನು ದೂರಿ ಬರೆದ ದಂಪತಿಯ ಮೇಲೆ ಅಂದಿನ ದಂಡಸಂಹಿತೆಯ 353ನೆಯ ಕಲಮಿನಡಿ ಪ್ರಕರಣ ದಾಖಲಾಗಿತ್ತು. ಹಲ್ಲೆಯಾಗಲಿ ಬಲಪ್ರಯೋಗವಾಗಲಿ ಇಲ್ಲದೆ ಆ ಕಲಮು ಪ್ರವರ್ತಿಸದೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಅದನ್ನು ರದ್ದುಗೊಳಿಸಿತು. ಸಮಾಧಾನವೂ ಈ ತೀರ್ಪಿನಲ್ಲಿಯೇ ಇದೆ. ಬೈಗುಳ, ವಾಗ್ವಾದ, ವೀಡಿಯೊ ಚಿತ್ರಣ, ಲಿಖಿತ ದೂರು ಇವು ಹೊಸ ವಿಧಿಯ ಹೊರಗೆ ಎಂದು ಅದರಲ್ಲಿಯೇ ಸ್ಪಷ್ಟವಾಗಿ ಬರೆಯಬೇಕು. ದುರುಪಯೋಗಕ್ಕೆ ಬೇಕಾದುದು ಕಲಮು ಮತ್ತು ಅಧಿಕಾರ, ಎರಡೂ. ಪ್ರಕರಣ ದಾಖಲಿಸುವ ಅಧಿಕಾರ ಪೊಲೀಸರ ಕೈಯಲ್ಲಿದೆ, ಕಸದ ಟಿಪ್ಪರಿನ ಸಹಾಯಕನ ಕೈಯಲ್ಲಿಲ್ಲ. ಪೊಲೀಸರಿಗೆ ಹಳೆಯ ಕಲಮುಗಳು ಇದ್ದೇ ಇವೆ. ಹೊಸ ವಿಧಿಯಿಂದ ಅವರಿಗೆ ಸಿಗುವ ಅಧಿಕ ಬಲ ಏನೂ ಇಲ್ಲ.

ಇದಕ್ಕೆ ಸಮೀಪವರ್ತಿ ಪ್ರಕೋಪನವಾದ. ಟೋಲ್ ನೌಕರರೇ ಗುಂಪುಗೂಡಿ ಪ್ರಯಾಣಿಕರನ್ನು ಹೊಡೆಯುವುದಿಲ್ಲವೇ, ಒರಟಾಗಿ ಮಾತನಾಡಿ ಕೆಣಕುವುದಿಲ್ಲವೇ ಎಂದು ಕೇಳುತ್ತಾರೆ. ಹೊಡೆಯುವುದುಂಟು. ಹಾಗೆ ಹೊಡೆದವನು ಆ ಕ್ಷಣದಲ್ಲಿ ವಿಹಿತಕರ್ಮವನ್ನು ಬಿಟ್ಟಿದ್ದಾನೆ. ಲಕ್ಷಣದ ಮೂರನೆಯ ಅಂಗ ತಪ್ಪಿದ್ದರಿಂದ ಅವನು ಪಥಕರ್ಮಿಯಾಗಿ ರಕ್ಷಿತನಲ್ಲ, ಅವನ ಎದುರು ಪ್ರಯಾಣಿಕನಿಗೆ ಆತ್ಮರಕ್ಷಣೆಯ ಹಕ್ಕು ಪೂರ್ಣ. ಆದರೆ ಶುಲ್ಕ ಕೇಳಿದ್ದೇ, ವಾಹನ ನಿಲ್ಲಿಸಿದ್ದೇ ಕೆಣಕಿದಂತೆ ಎಂಬುದು ಅಗ್ರಾಹ್ಯ. ಶಾಸನವನ್ನು ಪಾಲಿಸಿ ಮಾಡಿದ ಕಾರ್ಯದಿಂದ ಹುಟ್ಟಿದ ಪ್ರಕೋಪ ಶಿಕ್ಷೆಯನ್ನು ತಗ್ಗಿಸದೆಂದು 131ನೆಯ ಕಲಮಿನ ವಿವರಣೆಯೇ ಹೇಳುತ್ತದೆ. ಕರ್ಮದ ಸಂಬಂಧವಿಲ್ಲದ ಹಳೆಯ ವೈರದಿಂದ ಗುಂಡಿ ಮುಚ್ಚುತ್ತಿದ್ದವನನ್ನು ಯಾರಾದರೂ ಹೊಡೆದರೆ ಅದು ಸಾಮಾನ್ಯವಿಧಿಯ ವಿಷಯ; ಹಗಲು ತಡೆದ ಕೋಪಕ್ಕೆ ರಾತ್ರಿ ಮನೆಗೆ ಹೋಗಿ ಹೊಡೆದರೆ ವಿಶೇಷವಿಧಿಯ ವಿಷಯ. ಕಾಲಸಂಬಂಧಕ್ಕಿಂತ ಹೇತುಸಂಬಂಧ ಪ್ರಧಾನ.

ವಿಧಿಯ ಆಕಾರ ಯಾವುದು? ಅತಿದೇಶ ಮತ್ತು ಸ್ವತಂತ್ರವಿಧಿ ಎಂಬ ಎರಡು ಮಾರ್ಗಗಳಿವೆ. ಪಥಕರ್ಮಿಯನ್ನು ಲೋಕನೌಕರನೆಂದೇ ಭಾವಿಸಿ 121 ಮತ್ತು 132ನೆಯ ಕಲಮುಗಳನ್ನು ಅವನಿಗೆ ವಿಸ್ತರಿಸುವುದು ಅತಿದೇಶ. ಸಾರಿಗೆ ನಿಗಮದ ನೌಕರರಿಗೆ ಆಗಿರುವುದು ಇದೇ. ಇದು ಸುಲಭ, ಆದರೆ ಪದವಿಯನ್ನು ಅತಿದೇಶಿಸಿದರೆ ಪದವಿಯ ಭಾರಗಳೂ ಬರುವ ಶಂಕೆಯುಂಟು; ಲೋಕನೌಕರನಿಗೆ ಭ್ರಷ್ಟಾಚಾರ ತಡೆಯೇ ಮೊದಲಾದ ಶಾಸನಗಳ ವಿಶೇಷ ಹೊಣೆಗಳಿವೆ. ಬೀದಿಬದಿಯಲ್ಲಿ ಸೊಪ್ಪು ಮಾರುವವಳನ್ನು ಲೋಕನೌಕರಳೆಂದು ಕಲ್ಪಿಸುವುದು ಕ್ಲಿಷ್ಟಕಲ್ಪನೆ. ಆದ್ದರಿಂದ ಸ್ವತಂತ್ರವಿಧಿಯೇ ಸಿದ್ಧಾಂತ: ಪಥಕರ್ಮಿಯ ಮೇಲೆ ಕರ್ಮನಿಮಿತ್ತವಾಗಿ ಹಲ್ಲೆ, ಬಲಪ್ರಯೋಗ ಅಥವಾ ಸಾಮಾನ್ಯ ಗಾಯ ಮಾಡಿದರೆ 2 ವರ್ಷದವರೆಗೆ ಕಾರಾವಾಸ; ಅಪರಾಧ ಸಂಜ್ಞೇಯ; ರಾಜಿ ಮ್ಯಾಜಿಸ್ಟ್ರೇಟರ ಮುಂದೆ, ಪೀಡಿತರನ್ನು ಒಂಟಿಯಾಗಿ ವಿಚಾರಿಸಿದ ಮೇಲೆ ಮಾತ್ರ. ದಂಡವಿಧಿ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯ ವಿಧಾನಮಂಡಲವೇ ಇದನ್ನು ಮಾಡಬಹುದು. ಕೇಂದ್ರ ಶಾಸನದೊಂದಿಗೆ ವಿರೋಧ ಬರುವಲ್ಲಿ 254ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳ ಅಂಕಿತ ಬೇಕು.

ದಂಡವಿಧಿಯೊಂದೇ ಸಾಲದು, ನಿಯೋಜಕನ ಕರ್ತವ್ಯ ಅದಕ್ಕೆ ಅಂಗ. ಹೆದ್ದಾರಿ ಪ್ರಾಧಿಕಾರವು 2023ರ ಅಕ್ಟೋಬರಿನಲ್ಲಿ ಟೋಲ್ ಗೇಟುಗಳ ಜಗಳ ತಡೆಯಲು ಕಾರ್ಯವಿಧಾನ ಹೊರಡಿಸಿ, ಲೇನ್ ಮೇಲ್ವಿಚಾರಕರು ಮೈಮೇಲೆ ಕ್ಯಾಮೆರಾ ಧರಿಸಬೇಕೆಂದಿತು. ಸಾಕ್ಷ್ಯದ ದೃಷ್ಟಿಯಿಂದ ಇದು ಉಪಾದೇಯ. ನೌಕರನ ತಪ್ಪನ್ನೂ ಅದೇ ಕ್ಯಾಮೆರಾ ಹಿಡಿಯುವುದರಿಂದ ದುರುಪಯೋಗದ ಭೀತಿಯೂ ತಗ್ಗುತ್ತದೆ. ಆದರೆ ಕಾರ್ಯವಿಧಾನ ಉಪದೇಶ, ವಿಧಿಯಲ್ಲ. ದೂರು ಕೊಡುವ ಹೊಣೆ ಗುತ್ತಿಗೆದಾರನ ಮೇಲೂ, ಅವನು ತಪ್ಪಿದರೆ ಮೂಲ ನಿಯೋಜಕನ ಮೇಲೂ ಬೀಳಬೇಕು. ಗುತ್ತಿಗೆದಾರ ವೇತನ ಕೊಡದಿದ್ದರೆ ಮೂಲ ನಿಯೋಜಕ ಕೊಡಬೇಕೆಂಬ ತತ್ತ್ವ ಗುತ್ತಿಗೆ ಕಾರ್ಮಿಕರ 1970ರ ಶಾಸನದಿಂದಲೂ ಸಿದ್ಧ; ವೇತನಕ್ಕೆ ಸಲ್ಲುವುದು ದೇಹರಕ್ಷಣೆಗೆ ಸಲ್ಲದೆಂಬುದಕ್ಕೆ ಹೇತುವಿಲ್ಲ. ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ನ್ಯಾಯಾಲಯದಲ್ಲಿ ಕಳೆದ ದಿನ ಕೆಲಸದ ದಿನವೆಂದೇ ಗಣನೆಯಾಗಬೇಕು. ಕೆಲಸದ ಜಗತ್ತಿನಲ್ಲಿ ಹಿಂಸೆಯನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ 190ನೆಯ ಒಡಂಬಡಿಕೆಯು ಕೆಲಸ ನಡೆಯುವ ಸಾರ್ವಜನಿಕ ಸ್ಥಳವನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಅನುಮೋದಿಸುವವರೆಗೆ ಕಾಯದೆಯೂ ಆ ಎಣಿಕೆಯನ್ನು ಸ್ವೀಕರಿಸಬಹುದು.

ಉಳಿದದ್ದು ವಿಕ್ರಯಿಯ ವಿಶೇಷ ಪ್ರಶ್ನೆ. ಇತರ ಮೂವರನ್ನು ಹೊಡೆಯುವವನು ಸಾಮಾನ್ಯವಾಗಿ ದಾರಿಹೋಕ. ವಿಕ್ರಯಿಯನ್ನು ಹೊಡೆಯುವವನು ಕೆಲವೊಮ್ಮೆ ತೆರವಿಗೆ ಬಂದ ಸಿಬ್ಬಂದಿಯೇ. ಬೀದಿಬದಿ ವ್ಯಾಪಾರಿಗಳ 2014ರ ಅಧಿನಿಯಮದ 27ನೆಯ ಕಲಮು ಪ್ರಮಾಣಪತ್ರವುಳ್ಳ ವ್ಯಾಪಾರಿಯನ್ನು ಪೊಲೀಸರಾಗಲಿ ಬೇರೆ ಪ್ರಾಧಿಕಾರವಾಗಲಿ ತಡೆಯಬಾರದೆನ್ನುತ್ತದೆ. ತಡೆದವನಿಗೆ ಶಿಕ್ಷೆಯೇನೆಂದು ಆ ಅಧಿನಿಯಮ ಹೇಳುವುದಿಲ್ಲ. ಮುಂದಿನ 28ನೆಯ ಕಲಮಿನಲ್ಲಿ ದಂಡವಿದೆ, 2000 ರೂಪಾಯಿವರೆಗೆ. ಅದು ನಿಯಮ ಮೀರಿದ ವ್ಯಾಪಾರಿಗೆ. ಫಲವಿಲ್ಲದ ನಿಷೇಧ ಪ್ರವೃತ್ತಿಯನ್ನು ತಡೆಯಲಾರದು. ಆದುದರಿಂದ ಹಲ್ಲೆ ಮಾಡಿದವನು ಸ್ವತಃ ಲೋಕನೌಕರನಾದರೂ ಹೊಸ ವಿಧಿ ಅವನಿಗೆ ಸಮಾನವಾಗಿ ಅನ್ವಯಿಸಬೇಕು, ಅಂತಹ ಪ್ರಕರಣದ ತನಿಖೆ ಅವನ ಠಾಣೆಯಿಂದ ಬೇರೆಡೆಗೆ ಹೋಗಬೇಕು. ಪ್ರಮಾಣಪತ್ರವಿಲ್ಲದ ವ್ಯಾಪಾರಿಯ ವಿಷಯದಲ್ಲಿ, ಅವಳಿಗೆ ಮಾರ್ಗದ ಮೇಲೆ ಶಾಸನ ಒಪ್ಪಿದ ಹಕ್ಕಿಲ್ಲ, ಆದ್ದರಿಂದ ಲಕ್ಷಣದಿಂದ ಅವಳು ಹೊರಗೆ ಎಂಬ ವಾದ ಬರುತ್ತದೆ. ಅದು ನಿಲ್ಲದು. ಸಮೀಕ್ಷೆ ನಡೆದು ಪ್ರಮಾಣಪತ್ರ ಕೊಡುವವರೆಗೆ ಇರುವ ವ್ಯಾಪಾರಿಗಳನ್ನು ಎಬ್ಬಿಸಬಾರದೆಂದು ಅದೇ ಅಧಿನಿಯಮದ 3ನೆಯ ಕಲಮು ಹೇಳುತ್ತದೆ. ಸಮೀಕ್ಷೆ ನಗರಾಡಳಿತದ ಕರ್ತವ್ಯ. ಕರ್ತವ್ಯವನ್ನು ಮಾಡದವರ ಲೋಪ ಅವಳ ಅನರ್ಹತೆಯಾಗಿ ಪರಿಣಮಿಸಲಾರದು. ಸಮೀಕ್ಷೆ ಮುಗಿದ ಮೇಲೂ ಪ್ರಮಾಣಪತ್ರ ಪಡೆಯದೆ ಕುಳಿತವಳು 28ನೆಯ ಕಲಮಿನ ದಂಡಕ್ಕೆ ಅರ್ಹಳು, ಪೆಟ್ಟಿಗೆ ಅಲ್ಲ. ಅವಳ ವಿಷಯದಲ್ಲಿ ಸಾಮಾನ್ಯವಿಧಿಯೇ ಪ್ರವರ್ತಿಸುತ್ತದೆ.